‘ಆತಂಕದ ಪೀಳಿಗೆ’: ನಾವು ಓದದೆ ಬಿಟ್ಟ ಅರ್ಧ



ಮಕ್ಕಳ ಕೈಯಲ್ಲಿರುವ ಮೊಬೈಲ್ ಫೋನಿನ ಬಗ್ಗೆ ಇಂದು ಚಿಂತಿಸದ ತಂದೆತಾಯಿಗಳು ವಿರಳ. ಈ ಚಿಂತೆಗೆ ಜಗತ್ತಿನ ಹಲವೆಡೆ ಮಾತು ಕೊಟ್ಟ ಗ್ರಂಥವೊಂದಿದೆ. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಸಾಮಾಜಿಕ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ ಅವರು 2024ರಲ್ಲಿ ಪ್ರಕಟಿಸಿದ ‘ದಿ ಆಂಕ್ಷಿಯಸ್ ಜನರೇಷನ್’, ಅಂದರೆ ‘ಆತಂಕದ ಪೀಳಿಗೆ’. ಅದು ಏನು ಹೇಳುತ್ತದೆ, ಹೇಳಿದ್ದರಲ್ಲಿ ಎಷ್ಟು ಸಾಬೀತಾಗಿದೆ, ನಮ್ಮ ಮನೆಗಳಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದನ್ನು ಸಾವಧಾನದಿಂದ ಪರಿಶೀಲಿಸುವುದು ಒಳಿತು.

ಹೈಟ್ ಅವರ ವಾದಕ್ಕೆ ಎರಡು ಕಾಲುಗಳಿವೆ. 2010ರಿಂದ 2015ರ ನಡುವೆ ಸ್ಮಾರ್ಟ್‌ಫೋನ್ ಮತ್ತು ಸಾಮಾಜಿಕ ಜಾಲತಾಣಗಳು ಹದಿಹರೆಯದವರ ಬದುಕನ್ನು ಆವರಿಸಿಕೊಂಡವು. ಅದೇ ಅವಧಿಯಿಂದ ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಅವರ ಆತಂಕ, ಖಿನ್ನತೆಗಳು, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಏರತೊಡಗಿದವು ಎಂಬುದು ಮೊದಲನೆಯದು. ಹಿರಿಯರು ಹೊರಜಗತ್ತಿನ ಭಯದಿಂದ ಮಕ್ಕಳ ಸ್ವತಂತ್ರ ಆಟವನ್ನು ಅದಕ್ಕೂ ಮೊದಲೇ ಕಸಿದುಕೊಂಡಿದ್ದರು ಎಂಬುದು ಎರಡನೆಯದು. ಬೀದಿಯಲ್ಲಿ ಅತಿಯಾಗಿ ಕಾಯ್ದೆವು, ಅಂತರಜಾಲದಲ್ಲಿ ಕಾಯಲೇ ಇಲ್ಲ ಎಂಬುದು ಒಟ್ಟು ತಾತ್ಪರ್ಯ. ಆದುದರಿಂದ ಅವರು ಸೂಚಿಸುವ ಪರಿಹಾರಗಳು ನಾಲ್ಕು: ಪ್ರೌಢಶಾಲೆಗೆ ಮುನ್ನ ಸ್ಮಾರ್ಟ್‌ಫೋನ್ ಬೇಡ, 16 ವರ್ಷಕ್ಕೆ ಮುನ್ನ ಜಾಲತಾಣ ಬೇಡ, ಶಾಲೆಯೊಳಗೆ ಫೋನ್ ಬೇಡ, ಮಕ್ಕಳಿಗೆ ಸ್ವತಂತ್ರ ಆಟ ಮತ್ತು ಹೊಣೆಗಾರಿಕೆ ಬೇಕು.

ಗ್ರಂಥವು ಸರಳವಾಗಿದೆ, ಮನಮುಟ್ಟುತ್ತದೆ. ಆದರೆ ಅದರ ಧ್ವನಿಯಲ್ಲಿರುವಷ್ಟು ನಿಶ್ಚಯ ಸಂಶೋಧನೆಯಲ್ಲಿದೆಯೇ?

ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್‌ಸ್ಕಿ ಎಂಬ ಸಂಶೋಧಕರು 2019ರಲ್ಲಿ ಅಮೆರಿಕ ಹಾಗೂ ಬ್ರಿಟನ್ನಿನ 3,55,358 ಹದಿಹರೆಯದವರ ಮಾಹಿತಿಯನ್ನು ವಿಶ್ಲೇಷಿಸಿದರು. ಒಬ್ಬರಿಂದ ಒಬ್ಬರಿಗೆ ಮನಃಸ್ವಾಸ್ಥ್ಯದಲ್ಲಿ ಕಾಣುವ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಯಿಂದ ವಿವರಿಸಬಹುದಾದ ಪಾಲು ಹೆಚ್ಚೆಂದರೆ ಶೇ. 0.4 ಎಂದು ಅವರು ಕಂಡರು. ಅದೇ ಮಾಹಿತಿಯಲ್ಲಿ ಆಲೂಗಡ್ಡೆ ತಿನ್ನುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಸಂಬಂಧವಿತ್ತು! ಟಿ.ವಿ., ಆಟ, ಜಾಲತಾಣ ಎಲ್ಲವನ್ನೂ, ಹುಡುಗ ಹುಡುಗಿಯರೆಲ್ಲರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಸತ್ಯ ಮರೆಯಾಗುತ್ತದೆ. ಹೆಣ್ಣುಮಕ್ಕಳ ಜಾಲತಾಣ ಬಳಕೆಯನ್ನೇ ಪ್ರತ್ಯೇಕಿಸಿದರೆ ಸಂಬಂಧ ಹೆಚ್ಚು ಗಾಢವಾಗಿ ಕಾಣುತ್ತದೆ ಎಂದು ಹೈಟ್ ಉತ್ತರಿಸುತ್ತಾರೆ. ಈ ಉತ್ತರದಲ್ಲಿ ಹುರುಳಿಲ್ಲದಿಲ್ಲ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಫೋನಿನಿಂದ ಮಗು ಖಿನ್ನವಾಯಿತೇ, ಇಲ್ಲವೆ ಖಿನ್ನವಾದ ಮಗು ಫೋನನ್ನು ಆಶ್ರಯಿಸಿತೇ? ಓರ್ಬೆನ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನ ಎರಡೂ ದಿಕ್ಕಿಗೆ ಬೆಳಕು ಚೆಲ್ಲುತ್ತದೆ. ಹುಡುಗಿಯರು 11ರಿಂದ 13ನೆಯ ವಯಸ್ಸಿನಲ್ಲಿ, ಹುಡುಗರು 14-15ರಲ್ಲಿ, ಇಬ್ಬರೂ 19ರಲ್ಲಿ ಜಾಲತಾಣಗಳನ್ನು ಹೆಚ್ಚಾಗಿ ಬಳಸಿದರೆ, ಮುಂದಿನ ವರ್ಷ ಅವರ ಜೀವನತೃಪ್ತಿ ಕುಗ್ಗುವ ಸಂಭವ ಹೆಚ್ಚು. ಜೀವನತೃಪ್ತಿ ಕುಗ್ಗಿದವರಲ್ಲಿ ಅನಂತರ ಜಾಲತಾಣ ಬಳಕೆ ಹೆಚ್ಚುವುದೂ ಅಷ್ಟೇ ನಿಜ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞೆ ಕ್ಯಾಂಡಿಸ್ ಆಡ್ಜರ್ಸ್ ಅವರು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಈ ಗ್ರಂಥವನ್ನು ವಿಮರ್ಶಿಸುತ್ತಾ ಎಚ್ಚರಿಸಿದ್ದು ಇದನ್ನೇ: ಕಾರಣವನ್ನು ತಪ್ಪಾಗಿ ಗುರುತಿಸಿದರೆ ನಿಜವಾದ ನೋವಿನಿಂದ ನಮ್ಮ ಗಮನ ತಪ್ಪುತ್ತದೆ.

ಇದು ಕೇವಲ ಪಂಡಿತರ ಜಗಳವಲ್ಲ, ಓದುಗರೇ. ಶಾಲೆಯಲ್ಲಿ ಅವಮಾನಕ್ಕೊಳಗಾದ, ಅಥವಾ ಮನೆಯ ಕಲಹಕ್ಕೆ ಹೆದರಿದ ಮಗುವೊಂದು ಫೋನಿನ ಮರೆಗೆ ಸರಿದಿದೆ ಎಂದಿಟ್ಟುಕೊಳ್ಳಿ. ನಾವು ಫೋನನ್ನು ಕಸಿದುಕೊಂಡು ಕರ್ತವ್ಯ ಮುಗಿಯಿತೆಂದು ಭಾವಿಸಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಗುವುದಿಲ್ಲವೇ? ಮಗುವಿನ ಮರೆಯೂ ಹೋಯಿತು, ನೋವೂ ಉಳಿಯಿತು.

ಇನ್ನು ನಮ್ಮ ನಾಡಿನ ಮಾತು. ಹೈಟ್ ಅವರ ಆಧಾರಗಳು ಬಹುಪಾಲು ಸ್ವಂತ ಫೋನಿರುವ ಪಾಶ್ಚಾತ್ಯ ಮಕ್ಕಳಿಂದ ಬಂದವು. ಗ್ರಾಮೀಣ ಭಾರತದ 14ರಿಂದ 18 ವಯಸ್ಸಿನವರನ್ನು ಕುರಿತ 2023ರ ‘ಅಸರ್’ ವರದಿಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲವರಲ್ಲಿ ಸ್ವಂತ ಫೋನ್ ಇದ್ದದ್ದು ಹುಡುಗರಲ್ಲಿ ಶೇ. 43.7, ಹುಡುಗಿಯರಲ್ಲಿ ಕೇವಲ ಶೇ. 19.8. ಅಲ್ಲಿ ಹುಡುಗಿಯ ಕೈಗೆ ಫೋನ್ ಬಂದದ್ದು ಸಮಸ್ಯೆ; ಇಲ್ಲಿ ಅನೇಕ ಹುಡುಗಿಯರಿಗೆ ಅದು ಅಣ್ಣನ ಕೃಪೆಯಿಂದ ಸಿಗುವ ವಸ್ತು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠವು ಫೋನಿನೊಳಗೆ ಹೋಯಿತು. ಫೋನಿಲ್ಲದ ಮಕ್ಕಳನ್ನೂ ತಲುಪಲು ನಮ್ಮ ರಾಜ್ಯದಲ್ಲಿ ‘ವಿದ್ಯಾಗಮ’ದ ಹೆಸರಿನಲ್ಲಿ ಶಿಕ್ಷಕರೇ ಊರೂರಿಗೆ ನಡೆದರು. ಒಂದೇ ಉಪಕರಣ ಒಬ್ಬರಿಗೆ ಹೊರೆ, ಮತ್ತೊಬ್ಬರಿಗೆ ಬಾಗಿಲು. ಈ ಭೇದವನ್ನು ಗ್ರಂಥದಿಂದ ನಿರೀಕ್ಷಿಸಲಾಗದು, ನಾವೇ ಮಾಡಿಕೊಳ್ಳಬೇಕು.

ಹಾಗಾದರೆ ಗ್ರಂಥವನ್ನು ಬದಿಗಿಡೋಣವೇ? ಖಂಡಿತ ಬೇಡ. ಅದರ ನಾಲ್ಕು ಸೂಚನೆಗಳಲ್ಲಿ ಮೂರು ‘ಬೇಡ’ಗಳು, ಒಂದು ‘ಬೇಕು’. ‘ಬೇಡ’ಗಳಿಗೆ ಶ್ರೋತೃಗಳು ಕೂಡಲೇ ದೊರೆತರು. ಆಸ್ಟ್ರೇಲಿಯಾ 16 ವರ್ಷದೊಳಗಿನವರ ಜಾಲತಾಣ ಖಾತೆಗಳನ್ನು ತಡೆಯುವ ಕಾನೂನನ್ನು 2024ರಲ್ಲಿ ಅಂಗೀಕರಿಸಿ, 2025ರ ಡಿಸೆಂಬರ್ 10ರಿಂದ ಜಾರಿಗೊಳಿಸಿತು. ಆದರೆ ಆ ಒಂದು ‘ಬೇಕು’? ಅದನ್ನು ಯಾವ ಕಾನೂನೂ ಮನೆಗೆ ತಂದುಕೊಡದು. ಅಂಗಳವನ್ನು, ಜೊತೆಗಾರರನ್ನು, ಮಂಡಿ ತರಚಿಸಿಕೊಳ್ಳುವ ಸ್ವಾತಂತ್ರ್ಯವನ್ನು, ಅಂಗಡಿಗೆ ಒಬ್ಬರೇ ಹೋಗಿಬರುವ ಧೈರ್ಯವನ್ನು ಹಿರಿಯರೇ ಕೊಡಬೇಕು. ನನ್ನ ಅಭಿಪ್ರಾಯದಲ್ಲಿ ಗ್ರಂಥದ ಅತ್ಯಂತ ಬೆಲೆಯುಳ್ಳ ಭಾಗ ಇದೇ. ನಾವು ಓದದೆ ಬಿಡುವ ಭಾಗವೂ ಇದೇ. ತನ್ನನ್ನು ನಾಸ್ತಿಕನೆಂದೇ ಕರೆದುಕೊಳ್ಳುವ ಲೇಖಕರು ಮೌನಕ್ಕೂ ಒಟ್ಟಾಗಿ ಆಚರಿಸುವ ವಿಧಿಗಳಿಗೂ ಒಂದು ಅಧ್ಯಾಯದಲ್ಲಿ ಗೌರವದ ಸ್ಥಾನ ಕೊಟ್ಟಿರುವುದು, ಕುಟುಂಬ ಪ್ರಾರ್ಥನೆಯ ವೇಳೆಗೂ ಫೋನನ್ನು ಮಗ್ಗುಲಲ್ಲಿಟ್ಟುಕೊಳ್ಳುವ ನಮ್ಮನ್ನು ಯೋಚನೆಗೆ ಹಚ್ಚಬೇಕು.

ಜೀವಂತ ಸಾನ್ನಿಧ್ಯದ ಬೆಲೆಯನ್ನು ಸಂಶೋಧನೆಯೂ ತೋರಿಸಿದೆ. ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 9 ತಿಂಗಳ ಶಿಶುಗಳಿಗೆ 12 ಭೇಟಿಗಳಲ್ಲಿ ಚೀನೀ ಭಾಷೆಯನ್ನು ಕೇಳಿಸಲಾಯಿತು. ಎದುರಿಗೆ ಕುಳಿತು ಆಡಿದವರಿಂದ ಶಿಶುಗಳು ಆ ಭಾಷೆಯ ಧ್ವನಿಭೇದಗಳನ್ನು ಗ್ರಹಿಸಿದವು. ಅದೇ ಮಾತನ್ನು ಪರದೆಯ ಮೇಲೆ ಕಂಡು ಕೇಳಿದ ಶಿಶುಗಳು ಗ್ರಹಿಸಲಿಲ್ಲ. ಪರದೆಯಲ್ಲಿ ವಿಷವಿತ್ತೆಂದಲ್ಲ; ಅಲ್ಲಿ ಮನುಷ್ಯರಿರಲಿಲ್ಲ.

ಆದುದರಿಂದ ‘ದಿನಕ್ಕೆ ಎಷ್ಟು ಗಂಟೆ?’ ಎಂದು ಕೇಳುವಾಗಲೆಲ್ಲ ಇನ್ನೂ ಮೂರು ಪ್ರಶ್ನೆಗಳನ್ನು ಜೊತೆಗಿಟ್ಟುಕೊಳ್ಳೋಣ. ಮಗು ಅಲ್ಲಿ ಏನನ್ನು ನೋಡುತ್ತಿದೆ? ಅದರಿಂದ ನಿದ್ರೆ, ಆಟ, ಗೆಳೆತನಗಳಲ್ಲಿ ಯಾವುದು ಕೈಬಿಟ್ಟುಹೋಗುತ್ತಿದೆ? ಯಾವ ನೋವನ್ನು ಮರೆಯಲು ಅದು ಅಲ್ಲಿಗೆ ಹೋಗುತ್ತಿದೆ? ಮೂರನೆಯ ಪ್ರಶ್ನೆಗೆ ಉತ್ತರ ಯಾವ ಗ್ರಂಥದಲ್ಲೂ ಇಲ್ಲ. ಅದನ್ನು ಮಗುವಿನಿಂದಲೇ ಕೇಳಬೇಕು. ಈ ತಿಂಗಳು ನೀವು ಫೋನಿನ ಸಮಯವನ್ನು ಒಂದು ಗಂಟೆ ಕಡಿಮೆ ಮಾಡುವಿರಾದರೆ ಮಾಡಿ. ಆದರೆ ತೆರವಾದ ಆ ಗಂಟೆಯಲ್ಲಿ ಮಗು ಎಲ್ಲಿರುತ್ತದೆ, ಯಾರೊಂದಿಗೆ ಇರುತ್ತದೆ ಎಂಬುದನ್ನು ಅದಕ್ಕೂ ಮೊದಲೇ ನಿಶ್ಚಯಿಸಿಕೊಳ್ಳಿ.