ಆಡನಾವ್ ಇಲ್ಲದವರ ಆಕರಪಟ್ಟಿ

ಮುಂಬೈ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಕನ್ನಡ ಸಂಶೋಧನೆ ಮಾಡುತ್ತಿರುವವರೇ, ಆಕರಪಟ್ಟಿಯನ್ನು ಜೊಟೆರೊಗೆ ಒಪ್ಪಿಸಿ ನಿಶ್ಚಿಂತರಾಗಬೇಡಿ. 2006ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಉಚಿತ ತಂತ್ರಾಂಶ ಚುಕ್ಕಿ, ಅಲ್ಪವಿರಾಮದ ಕೆಲಸವನ್ನು ಚೆನ್ನಾಗೇ ಮಾಡುತ್ತೆ. ಆದರೆ ಮುಂಬೈಯ ಅರ್ಜಿ ನಮೂನೆಗಳಂತೆ ಅದೂ ಮೊದಲು ‘ಆಡನಾವ್’ ಕೇಳುತ್ತೆ. ನಮ್ಮಲ್ಲಿ ಎಷ್ಟೋ ಜನರಿಗೆ ಅದೇ ಇಲ್ಲವಲ್ಲ! ‘ಸ್ವಾತಂತ್ರ್ಯದ ಓಟ’ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬೊಳುವಾರು ಮಹಮದ್ ಕುಂಞಿ ಅವರನ್ನೇ ನೋಡಿ. ಬೊಳುವಾರು ಊರಿನ ಹೆಸರು. ಕೊನೆಯ ಪದವನ್ನೇ ಆಡನಾವ್ ಎಂದು ತುಂಬಿದರೆ ಅವರು ‘ಕುಂಞಿ’ಯಾಗಿ ಕಕಾರಕ್ಕೆ ಹೋಗ್ತಾರೆ, ಹುಡುಕುವ ಓದುಗರು ಬಕಾರದಲ್ಲೇ ಉಳೀತಾರೆ. ಇಡೀ ಹೆಸರನ್ನು ಒಂದೇ ಖಾನೆಯಲ್ಲಿ ತುಂಬುವ ಸೌಲಭ್ಯ ಜೊಟೆರೊದಲ್ಲೇ ಇದೆ. ಅದನ್ನು ಬಳಸಿ, ಪುಸ್ತಕದಲ್ಲಿ ಅಚ್ಚಾದಂತೆಯೇ ಹೆಸರು ಬರೆಯಿರಿ.