ಗಿಡಮೂಲಿಕೆ ಮಾತ್ರೆಯೂ ಶೇ. 67ರ ಲೆಕ್ಕವೂ

ಲಖನೌದಲ್ಲಿರುವ ಸಿ.ಎಸ್.ಐ.ಆರ್.ನ ಎರಡು ಪ್ರಯೋಗಾಲಯಗಳು ರೂಪಿಸಿದ ಬಿ.ಜಿ.ಆರ್.-34 ಎಂಬ ಮಧುಮೇಹದ ಮಾತ್ರೆ 2015ರಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಅಮೃತಬಳ್ಳಿ, ಮಧುನಾಶಿನಿ, ಹೊನ್ನೆ, ದಾರುಹರಿದ್ರ, ಮಂಜಿಷ್ಠ, ಮೆಂತ್ಯಗಳಿವೆ. ಶೇ. 67ರಷ್ಟು ಯಶಸ್ಸು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಸಕ್ಕರೆ ಎಷ್ಟು ಇಳಿದರೆ ಯಶಸ್ಸು? ಹೋಲಿಕೆಗಾಗಿ ಔಷಧವಿಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಎಷ್ಟು ಇಳಿಯಿತು? ಆ ಸಂಖ್ಯೆಯೊಂದರಿಂದಲೇ ಇದು ತಿಳಿಯದು.

ರಕ್ತದ ಸಕ್ಕರೆ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಅದು ಬಹಳ ಏರಿದ್ದ ದಿನ ರೋಗಿಯನ್ನು ಪ್ರಯೋಗಕ್ಕೆ ಸೇರಿಸಿಕೊಂಡರೆ, ಔಷಧವಿಲ್ಲದೆಯೂ ಮುಂದಿನ ಅಳತೆ ಕಡಿಮೆ ಬರುವ ಸಂಭವವೇ ಹೆಚ್ಚು. ಪ್ರಯೋಗಕ್ಕೆ ಸೇರಿದವರು ಪಥ್ಯವನ್ನೂ ಬಿಗಿ ಮಾಡುತ್ತಾರೆ. ಮೆಟ್‌ಫಾರ್ಮಿನ್ ಜೊತೆಗೆ ನುಂಗುವವರಾದರೆ ಇಳಿತ ಯಾವುದರ ಲೆಕ್ಕಕ್ಕೆ? ಹಿನ್ನೆಲೆ ವಿಕಿರಣವನ್ನು ಕಳೆಯದೆ ಗೈಗರ್ ಎಣಿಕೆ ಬರೆದು ತಂದ ವಿದ್ಯಾರ್ಥಿಯ ರೆಕಾರ್ಡಿಗೆ ನಾವು ಸಹಿ ಹಾಕುವುದಿಲ್ಲ. ಇನ್ಸುಲಿನ್ ನಿಲ್ಲಿಸಿ ಮೂಲಿಕೆಯನ್ನು ನೆಚ್ಚುವ ರೋಗಿಗಂತೂ ಈ ಕಳೆಯುವ ಲೆಕ್ಕ ಪ್ರಾಣದ ಪ್ರಶ್ನೆ.

ಮೂಲಿಕೆಯನ್ನು ಹೀಗೆ ಪರೀಕ್ಷಿಸಲಾಗದು ಎನ್ನುವವರಿದ್ದಾರೆ. ಇದು ಸರಿಯಲ್ಲ. ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರು ಅಧಿಕ ರಕ್ತದೊತ್ತಡದ 50 ರೋಗಿಗಳಿಗೆ ಸರ್ಪಗಂಧದ ಮಾತ್ರೆ ಕೊಟ್ಟು, ಫಲಿತಾಂಶವನ್ನು 1949ರಲ್ಲಿ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು. ಅಂಕಿಗಳು ಎಲ್ಲರ ಎದುರಿಗಿದ್ದವು. ಯಾರು ಬೇಕಾದರೂ ಪ್ರಶ್ನಿಸಬಹುದಿತ್ತು. 1952ರಲ್ಲಿ ಸ್ವಿಟ್ಜರ್‌ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಅದೇ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿದರು. ಬಳಿಕ ಅದನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡುವುದು ಸಾಧ್ಯವಾಯಿತು. ಕೆಲವು ರೋಗಿಗಳಲ್ಲಿ ಖಿನ್ನತೆ ಕಂಡುಬಂದಾಗ ಅದೂ ವರದಿಯಾಯಿತು.