ಪಾನವಿಧಿಯಲ್ಲಿ ಔಚಿತ್ಯ

ರಸಸ್ವರೂಪವನ್ನು ವಿವರಿಸುವಲ್ಲಿ ಅಭಿನವಗುಪ್ತ, ಮಮ್ಮಟ ಮೊದಲಾದ ಆಲಂಕಾರಿಕರು ಪಾನಕವನ್ನು ದೃಷ್ಟಾಂತವಾಗಿ ಕೊಟ್ಟಿರುವರು. ಬೆಲ್ಲ, ಮೆಣಸು ಮೊದಲಾದವುಗಳಲ್ಲಿ ಬಿಡಿಬಿಡಿಯಾಗಿ ಇಲ್ಲದ ಒಂದು ರುಚಿಯು ಅವುಗಳ ಹದವಾದ ಮಿಲನದಿಂದ ಹುಟ್ಟುವುದು, ಕಾವ್ಯರಸವೂ ಹಾಗೆಯೇ. ಶ್ರೀರಾಮನವಮಿಯಂದು ಬಳ್ಳಾರಿಯಲ್ಲಾಗಲಿ ಸಿರುಗುಪ್ಪೆಯಲ್ಲಾಗಲಿ ಪಾನಕವನ್ನು ಸೇವಿಸಿದವರಿಗೆ ಈ ನ್ಯಾಯವನ್ನು ಬೇರೆ ಬೋಧಿಸಬೇಕಾಗಿಲ್ಲ. ಕನ್ನಡದಲ್ಲಿಯೂ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೆ ಒಂದು ಅಧ್ಯಾಯವೇ ಉಂಟು. ಆದುದರಿಂದ ಪಾನೀಯವನ್ನು ಸಿದ್ಧಪಡಿಸುವ ವಿಧಿಯು ಸಾಹಿತ್ಯವಿಮರ್ಶೆಗೆ ಹೊರಗಿನದೆಂದು ಹೇಳಲಾಗದು.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಅಮೆರಿಕದ ಕಾದಂಬರಿಕಾರ ಅರ್ನೆಸ್ಟ್ ಹೆಮಿಂಗ್ವೇ ಬರೆದ, ಕೆಲವೇ ಪಂಕ್ತಿಗಳ ಒಂದು ಮದ್ಯವಿಧಿ. ಹಲವು ಲೇಖಕರ ಪಾನವಿಧಿಗಳನ್ನು ಸಂಗ್ರಹಿಸಿ ೧೯೩೫ರಲ್ಲಿ ಹೊರತಂದ ವಿನೋದಗ್ರಂಥವೊಂದರಲ್ಲಿ ಅದು ಪ್ರಕಟವಾಯಿತು. ‘ಅಪರಾಹ್ಣದ ಮರಣ’ವೆಂಬರ್ಥದ ಅದರ ಹೆಸರು, ಸ್ಪೇನ್ ದೇಶದ ಗೂಳಿಕಾಳಗವನ್ನು ಕುರಿತು ಆತನು ೧೯೩೨ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರೇ ಆಗಿದೆ. ಕುರುಗೋಡಿನ ದೊಡ್ಡಬಸವೇಶ್ವರನಿಗೆ ಕೈಮುಗಿಯುವ ಜನಕ್ಕೆ ಈ ನಾಮಕರಣವೇ ವಿಲಕ್ಷಣವಾಗಿ ತೋರಬಹುದು. ಆದರೆ ದೋಷವಿರುವುದು ಹೆಸರಿನಲ್ಲಲ್ಲ.

ವಿಧಿಯ ತಾತ್ಪರ್ಯವಿಷ್ಟು: ಸುಮಾರು ೪೫ ಮಿಲಿಲೀಟರು ಆಬ್ಸಿಂತ್ ಮದ್ಯವನ್ನು ಬಟ್ಟಲಿಗೆ ಹಾಕಿ, ಹಾಲಿನಂಥ ಮಬ್ಬು ಮೂಡುವವರೆಗೆ ತಣ್ಣನೆಯ ಶಾಂಪೇನನ್ನು ಸುರಿಯಬೇಕು, ಅಂಥ ಬಟ್ಟಲುಗಳನ್ನು ಮೂರರಿಂದ ಐದರವರೆಗೆ ನಿಧಾನವಾಗಿ ಕುಡಿಯಬೇಕು. ಆಬ್ಸಿಂತ್ ಎಂಬುದು ದವನ, ಮಾಚಿಪತ್ರೆಗಳ ಕುಲಕ್ಕೆ ಸೇರಿದ ಕಹಿ ಮೂಲಿಕೆಯೊಂದನ್ನೂ ಸೋಂಪು, ಬಡೇಸೋಪುಗಳನ್ನೂ ಹಾಕಿ ಭಟ್ಟಿಯಿಳಿಸಿದ ತೀಕ್ಷ್ಣಮದ್ಯ. ಸೋಂಪಿನ ಎಣ್ಣೆಯು ತೀಕ್ಷ್ಣವಾದ ಮದ್ಯಸಾರದಲ್ಲಿ ಕರಗಿರುವುದು. ಸಾರವು ತೆಳುವಾದೊಡನೆ ಸೂಕ್ಷ್ಮಬಿಂದುಗಳಾಗಿ ಬೇರ್ಪಟ್ಟು ಬೆಳ್ಳಗೆ ಕಾಣುವುದು.

ಪೂರ್ವಾರ್ಧವು ಪ್ರಶಂಸನೀಯವಾಗಿದೆ. ಎಷ್ಟು ಸುರಿಯಬೇಕೆಂಬುದಕ್ಕೆ ಕಣ್ಣಿಗೆ ಕಾಣುವ ಲಕ್ಷಣವನ್ನೇ ಹೇಳಿದೆ. ಪಾಕದ ಎಳೆಯನ್ನು ಬೆರಳಿನಲ್ಲಿ ನೋಡಿ ಹದವನ್ನರಿಯುವ ಗೃಹಿಣಿಯರಿಗೆ ಇಂಥ ಬರಹದ ಬೆಲೆಯು ಚೆನ್ನಾಗಿ ತಿಳಿದಿದೆ. ಒಂದೂ ಅಧಿಕಪದವಿಲ್ಲ, ಒಂದೂ ನ್ಯೂನಪದವಿಲ್ಲ.

ಉತ್ತರಾರ್ಧವು ಹಾಗಲ್ಲ. ಮದ್ಯದ ಬಲವು ನೂರಕ್ಕೆ ೬೦ ಎಂದಿಟ್ಟುಕೊಂಡರೆ, ಶಾಂಪೇನನ್ನು ಲೆಕ್ಕಿಸದೆಯೇ, ಒಂದು ಬಟ್ಟಲಿನಲ್ಲಿ ೨೭ ಮಿಲಿಲೀಟರು ಶುದ್ಧ ಮದ್ಯಸಾರವಿರುವುದು. ಅದು ೪೨.೮ರ ಬಲದ ವಿಸ್ಕಿಯ ೬೦ ಮಿಲಿಲೀಟರಿಗಿಂತ ಹೆಚ್ಚು. ಐದು ಬಟ್ಟಲಿಗೆ ೧೩೫ ಮಿಲಿಲೀಟರು! ಬಟ್ಟಲಿನೊಳಗಿನ ಹದಕ್ಕೆ ಲಕ್ಷಣವನ್ನು ಕೊಟ್ಟ ಲೇಖಕನು ಕುಡಿಯುವವನ ಹದಕ್ಕೆ ಲಕ್ಷಣವನ್ನು ಕೊಡಲಿಲ್ಲ. ಕೊಟ್ಟದ್ದು ಅಪಾಯದ ಸಂಖ್ಯೆಯನ್ನು.

ಇದು ಕೇವಲ ಹಾಸ್ಯ, ಇದನ್ನು ತೂಗುವುದೇ ಅರಸಿಕತೆ ಎಂದು ಕೆಲವರು ಆಕ್ಷೇಪಿಸಬಹುದು. ವಿನೋದಗ್ರಂಥದಲ್ಲಿರುವಷ್ಟು ಕಾಲ ಆ ಮಾತು ಸರಿ. ಆದರೆ ಮೀಮಾಂಸಕರು ವಿಧಿಯನ್ನೂ ಅರ್ಥವಾದವನ್ನೂ ಬೇರ್ಪಡಿಸಿರುವರು. ಮಾಡಬೇಕೆಂಬುದು ವಿಧಿ, ಹೊಗಳುವುದು ಅರ್ಥವಾದ. ಹೆಮಿಂಗ್ವೇಯ ಹಾಸ್ಯವು ವಿಧಿಯ ವೇಷವನ್ನು ಧರಿಸಿದೆ. ಗ್ರಂಥದಿಂದ ಬೇರ್ಪಟ್ಟು ಮನೆಮನೆಯ ಪಾಕವಿಧಿಯಾಗಿ ಪ್ರಚಾರಕ್ಕೆ ಬಂದ ಮೇಲೆ ಹಾಸ್ಯವು ಸೋರಿಹೋಗಿ, ಆಜ್ಞೆಯೊಂದೇ ಉಳಿಯುವುದು. ೧೯೫೪ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವನ ಹೆಸರು ಅದಕ್ಕೆ ಪ್ರಮಾಣದ ಬಲವನ್ನೂ ಕೊಡುವುದು. ಔಚಿತ್ಯವೇ ಕಾವ್ಯದ ಜೀವಿತವೆಂದ ಕ್ಷೇಮೇಂದ್ರನ ದೃಷ್ಟಿಯಲ್ಲಿ ಇದು ಸಣ್ಣ ದೋಷವಲ್ಲ.

ಪಾನಕರಸನ್ಯಾಯದಿಂದ ನೋಡಿದರೂ ಈ ಮಿಶ್ರಣವು ನಿಲ್ಲದು. ಶಾಂಪೇನಿನ ಸುಕುಮಾರವಾದ ಗಂಧವನ್ನು ಸೋಂಪು ನುಂಗಿಬಿಡುವುದು. ಇದಕ್ಕಿಂತ ಹಳೆಯ ಫ್ರೆಂಚ್ ಕ್ರಮವು ಸರಳವೂ ಶ್ರೇಷ್ಠವೂ ಆಗಿದೆ: ೩೦ ಮಿಲಿಲೀಟರು ಆಬ್ಸಿಂತಿನ ಬಟ್ಟಲ ಮೇಲೆ ತೂತುಚಮಚವನ್ನಿಟ್ಟು, ಅದರಲ್ಲಿರುವ ಸಕ್ಕರೆಯ ಅಚ್ಚಿನ ಮೇಲೆ ತಣ್ಣೀರನ್ನು ತೊಟ್ಟುತೊಟ್ಟಾಗಿ ಬಿಡುವುದು. ೧೨೦ ಮಿಲಿಲೀಟರು ನೀರು ಸೇರಿದರೆ ೬೦ರ ಬಲವು ೧೨ಕ್ಕೆ ಇಳಿಯುವುದು. ಮಬ್ಬೂ ಮೂಡುವುದು, ಉಗ್ರತೆಯೂ ಶಮಿಸುವುದು. ಇಲ್ಲಿ ಸೌಂದರ್ಯವೂ ಹಿತವೂ ಒಂದೇ ಕ್ರಿಯೆಯಿಂದ ಸಿದ್ಧಿಸಿವೆ.

ಮನೆಯಲ್ಲಿ ಬೆರೆಸುವುದು ಬೇರೆ, ಮನೆಯಲ್ಲಿ ಸಾರ ತೆಗೆಯುವುದು ಬೇರೆ. ಆಬ್ಸಿಂತೆಂದು ಭ್ರಮಿಸಿ ಆ ಮೂಲಿಕೆಯ ಎಣ್ಣೆಯನ್ನೇ ಕುಡಿದವನೊಬ್ಬನ ಮೂತ್ರಪಿಂಡಗಳು ಕೆಟ್ಟ ಪ್ರಸಂಗವು ೧೯೯೭ರಲ್ಲಿ ಅಮೆರಿಕದ ವೈದ್ಯಪತ್ರಿಕೆಯಲ್ಲಿ ವರದಿಯಾಯಿತು. ದವನದ ಪರಿಮಳವನ್ನು ಬಲ್ಲ ನಾಡಿನಲ್ಲಿ ಅದರ ಎಣ್ಣೆಯಿಂದ ಇಂಥ ಸಾಹಸವನ್ನು ಯಾರೂ ಮಾಡದಿರಲಿ.

ಮದ್ಯಪಾನವು ಯುಕ್ತವೋ ಅಯುಕ್ತವೋ ಎಂಬುದನ್ನು ಆಯಾ ಕುಟುಂಬದ ಧರ್ಮವೇ ನಿರ್ಣಯಿಸಲಿ. ಬರೆಯುವವರು ಮಾತ್ರ ಒಂದನ್ನು ಮರೆಯಬಾರದು: ವಿಧಿವಾಕ್ಯವನ್ನು ಓದಿದವನು ಅದರಂತೆ ನಡೆಯುವನು. ಆದುದರಿಂದ ಅಲ್ಲಿ ಅಳತೆಯೇ ಅಲಂಕಾರ. ಅಲಮತಿವಿಸ್ತರೇಣ.